ಬೇಸರವು ವೈರಾಗ್ಯವಲ್ಲ

ಮೂವತ್ತು ದಾಟಿದ ಅನೇಕ ತರುಣರ ಬಾಯಲ್ಲಿ ಈಚೆಗೆ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. ಬಾಲ್ಯದಿಂದ ಬಿಡದೆ ನೋಡಿಕೊಂಡು ಬಂದ ಜಪಾನಿನ ಅನಿಮೆ ಚಿತ್ರಗಳು ಈಗ ರುಚಿಸುತ್ತಿಲ್ಲ. ಒಂದು ಕಾಲಕ್ಕೆ ರಾತ್ರಿಯಿಡೀ ಎಚ್ಚರವಾಗಿರಿಸುತ್ತಿದ್ದ ವಿಡಿಯೊ ಗೇಮುಗಳು ಹತ್ತು ನಿಮಿಷಕ್ಕೇ ಸಾಕೆನಿಸುತ್ತವೆ. ಯಾರೂ ಗದರಿಸಲಿಲ್ಲ, ಯಾರೂ ಕಿತ್ತುಕೊಳ್ಳಲಿಲ್ಲ. ಆಸಕ್ತಿ ತಾನಾಗಿಯೇ ಕೈಯಿಂದ ಜಾರಿಹೋಯಿತು. ಇದನ್ನು ಕಂಡು ಕೆಲವು ತಾಯಿತಂದೆಯರು ಹಿಗ್ಗುತ್ತಾರೆ: ‘ಅಂತೂ ನಮ್ಮ ಹುಡುಗನಿಗೆ ಬುದ್ಧಿ ಬಂತು, ಇನ್ನು ಬಸದಿಯ ಕಡೆ ಮುಖ ಮಾಡುತ್ತಾನೆ.’ ಇನ್ನು ಕೆಲವರು ಕಳವಳಗೊಳ್ಳುತ್ತಾರೆ: ‘ಮೊದಲು ಇದ್ದ ಲವಲವಿಕೆಯೇ ಇಲ್ಲವಲ್ಲ!’ ಆಸಕ್ತಿ ಕಳೆದುಕೊಂಡ ತರುಣನೋ ಇವೆರಡರ ನಡುವೆ ನಿಂತು, ತನಗೆ ಆದದ್ದು ಲಾಭವೋ ನಷ್ಟವೋ ತಿಳಿಯದೆ ಸುಮ್ಮನಿರುತ್ತಾನೆ.

ಈ ಪೀಳಿಗೆಯನ್ನು ನಾವು ಬಲ್ಲೆವು. ಇವರು ನಮ್ಮ ಮನೆಗಳಲ್ಲೇ ಬೆಳೆದವರು. 1990ರ ದಶಕದಲ್ಲಿ ಭಾನುವಾರ ದೂರದರ್ಶನದಲ್ಲಿ ಬರುತ್ತಿದ್ದ ‘ಜಂಗಲ್ ಬುಕ್’ ನೋಡಿದ ಮಕ್ಕಳಿಗೆ ಮೋಗ್ಲಿ ನಮ್ಮ ಕಾಡಿನ ಹುಡುಗನೆಂಬುದು ಗೊತ್ತಿತ್ತೇ ಹೊರತು, ಆ ಚಿತ್ರ ತಯಾರಾದದ್ದು ಜಪಾನಿನಲ್ಲಿ ಎಂಬುದು ಗೊತ್ತಿರಲಿಲ್ಲ. ಬಳಿಕ ಕೇಬಲ್ ಬಂದಿತು. ಪೊಕೆಮಾನ್, ಡ್ರ್ಯಾಗನ್ ಬಾಲ್, ಡೊರೆಮಾನ್, ಶಿನ್‌ಚಾನ್ ಮನೆಮಾತಾದವು. 2009ರಲ್ಲಿ ಮಕ್ಕಳಿಗಾಗಿಯೇ ಕನ್ನಡದಲ್ಲಿ ಚಿಂಟು ಟಿವಿ ಆರಂಭವಾಯಿತು. ಆಟದ ಕಥೆಯೂ ಇಂಥದೇ. ಬ್ರಿಗೇಡ್ ರಸ್ತೆಯ ಪಾರ್ಲರುಗಳಲ್ಲಿ ಜೇಬುಖರ್ಚಿನ ಹಣ ಕರಗಿತು. ಟಿವಿಗೆ ಜೋಡಿಸುವ ಪೆಟ್ಟಿಗೆಗೆ ಗೆಳೆಯರು ಕ್ಯಾಸೆಟ್ ಬದಲಾಯಿಸಿಕೊಂಡರು. ಸೈಬರ್ ಕೆಫೆಗಳಲ್ಲಿ ಗುಂಪು ಕಟ್ಟಿ ಆಡಿದರು. ಕೊನೆಗೆ ಇಡೀ ಆಟದ ಮನೆಯೇ ಮೊಬೈಲಿನೊಳಗೆ ಬಂದು ಕುಳಿತಿತು. ಇಷ್ಟು ಉದ್ದಕ್ಕೆ ಹರಿದುಬಂದ ಒಂದು ಪ್ರೀತಿ ಈಗ ಬತ್ತುತ್ತಿದೆ. ಇದು ವೈರಾಗ್ಯವೇ ಎಂಬುದು ಪ್ರಶ್ನೆ. ಉತ್ತರಕ್ಕೆ ಅವಸರಪಡದೆ ನಮ್ಮ ಆಚಾರ್ಯರು ಮನಸ್ಸನ್ನು ಹೇಗೆ ವಿಂಗಡಿಸಿದ್ದಾರೆಂಬುದನ್ನು ನೋಡೋಣ.

ಜೈನ ಕರ್ಮಸಿದ್ಧಾಂತದಲ್ಲಿ ಜೀವವನ್ನು ಮರುಳುಗೊಳಿಸುವ ಕರ್ಮಕ್ಕೆ ಮೋಹನೀಯವೆಂದು ಹೆಸರು. ಅದರಲ್ಲಿ ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳಲ್ಲದೆ, ಅವುಗಳ ಬೆನ್ನಿಗೆ ನಿಲ್ಲುವ ಒಂಬತ್ತು ನೋಕಷಾಯಗಳೂ ಇವೆ. ಹಾಸ್ಯ, ಶೋಕ, ಭಯಗಳು ಆ ಪಟ್ಟಿಯಲ್ಲಿ ಸೇರಿರುವುದು ಬಹುಮಂದಿಗೆ ಗೊತ್ತು. ಆದರೆ ಅದೇ ಪಟ್ಟಿಯಲ್ಲಿ ಅಕ್ಕಪಕ್ಕ ಕುಳಿತಿರುವ ಎರಡು ಹೆಸರುಗಳ ಕಡೆಗೆ ನಮ್ಮ ಗಮನ ಹರಿಯುವುದು ಕಡಿಮೆ. ಅವೇ ರತಿ ಮತ್ತು ಅರತಿ. ವಿಷಯಗಳಲ್ಲಿ ಉಂಟಾಗುವ ಒಲವು ರತಿ. ಅದೇ ವಿಷಯಗಳಲ್ಲಿ ಉಂಟಾಗುವ ಬೇಸರ, ಒಲ್ಲದಿರುವಿಕೆ ಅರತಿ. ಒಲವು ಬಂಧನವೆಂದು ಹೇಳಿ ಆಚಾರ್ಯರು ಅಲ್ಲಿಗೇ ನಿಲ್ಲಬಹುದಾಗಿತ್ತು. ಹಾಗೆ ನಿಲ್ಲಲಿಲ್ಲ, ಬೇಸರವನ್ನೂ ಅದೇ ಮೋಹನೀಯದ ಮನೆಯಲ್ಲಿ ಇರಿಸಿದರು. ನಿನ್ನೆಯವರೆಗೆ ಪ್ರಿಯವಾಗಿದ್ದದ್ದು ಇಂದು ಸಪ್ಪೆಯಾಯಿತೆಂದರೆ ಮೋಹ ಹೋಯಿತೆಂದು ತಿಳಿಯಬೇಕಿಲ್ಲ. ಅದು ಮಗ್ಗುಲು ಬದಲಿಸಿ ಮಲಗಿರಬಹುದು.

ಮೂರನೆಯ ಪದವೊಂದಿದೆ: ವಿರತಿ. ತಿಳಿದು, ಆರಿಸಿಕೊಂಡು, ಎಲ್ಲೆ ಹಾಕಿಕೊಂಡು ದೂರ ಸರಿಯುವುದು ವಿರತಿ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ವ್ರತವನ್ನು ವಿವರಿಸುವುದೂ ಇದೇ ಪದದಿಂದ. ರತಿ ತಾನಾಗಿ ಬರುತ್ತದೆ, ಅರತಿಯೂ ತಾನಾಗಿ ಬರುತ್ತದೆ. ವಿರತಿ ಮಾತ್ರ ತಾನಾಗಿ ಬರುವುದಿಲ್ಲ. ಅದನ್ನು ಜೀವವು ಕೈಕೊಳ್ಳಬೇಕು. ಆಸಕ್ತಿ ಕಳೆದುಕೊಂಡ ತರುಣನು ಈ ಮೂರರಲ್ಲಿ ಎಲ್ಲಿ ನಿಂತಿದ್ದಾನೆಂಬುದನ್ನು ಅರಿಯಲು ಒಂದೇ ಪ್ರಶ್ನೆ ಸಾಕು: ಬಿಡುವಾದ ಆ ಹೊತ್ತು ಎಲ್ಲಿಗೆ ಹೋಯಿತು? ಅನಿಮೆ ಬಿಟ್ಟ ಕಣ್ಣು ರೀಲ್ಸ್ ನೋಡುತ್ತಿದ್ದರೆ, ಗೇಮ್ ಬಿಟ್ಟ ಬೆರಳು ಷೇರುಪೇಟೆಯ ಏರಿಳಿತವನ್ನು ನಿಮಿಷಕ್ಕೊಮ್ಮೆ ತಡಕುತ್ತಿದ್ದರೆ, ಬದಲಾದದ್ದು ಬಾಡಿಗೆದಾರ ಮಾತ್ರ. ಮನೆ ಖಾಲಿಯಾಗಿಲ್ಲ.

ತಾನಾಗಿ ಉದುರುವುದಕ್ಕೂ ಸಾಧನೆಯಿಂದ ಕಳಚುವುದಕ್ಕೂ ಇರುವ ಅಂತರವನ್ನು ನಮ್ಮ ಶಾಸ್ತ್ರ ಹಣ್ಣಿನ ಉಪಮೆಯಿಂದ ವಿವರಿಸುತ್ತದೆ. ಅದನ್ನು ಮನಗಾಣಲು ಬೆಂಗಳೂರಿನವರು ದೂರ ಹೋಗಬೇಕಾಗಿಲ್ಲ. ಶಿವಾಜಿನಗರದ ರಸೆಲ್ ಮಾರುಕಟ್ಟೆಯವರೆಗೆ ಹೋದರೆ ಸಾಕು. 1927ರಲ್ಲಿ ಕಟ್ಟಿದ ಈ ಮಾರುಕಟ್ಟೆಗೆ ಅಂದಿನ ಮುನಿಸಿಪಲ್ ಕಮಿಷನರ್ ಟಿ. ಬಿ. ರಸೆಲ್ ಅವರ ಹೆಸರನ್ನಿಡಲಾಯಿತು. 2012ರ ಫೆಬ್ರವರಿಯಲ್ಲಿ ಬೆಂಕಿಗೆ ಸಿಕ್ಕು ಎಷ್ಟೋ ಮಳಿಗೆಗಳು ಸುಟ್ಟುಹೋದರೂ ವ್ಯಾಪಾರ ನಿಲ್ಲಲಿಲ್ಲ. ಅಲ್ಲಿ ಮಾರಾಟವಾಗುವ ಎಲ್ಲವೂ ನಮ್ಮ ಆಹಾರನಿಯಮಕ್ಕೆ ಒಪ್ಪುವಂಥವಲ್ಲ. ಆದರೆ ಹಣ್ಣು, ಹೂವು, ತರಕಾರಿಗಳ ಸಾಲಿನಲ್ಲಿ ದಂಡು ಪ್ರದೇಶದ ಎಲ್ಲ ಮತದ ಮನೆಗಳವರೂ ಚೀಲ ಹಿಡಿದು ನಿಲ್ಲುತ್ತಾರೆ. ಮಾವಿನ ಕಾಲದಲ್ಲಿ ಬಾದಾಮಿ, ರಸಪುರಿ, ಮಲಗೋವಗಳ ರಾಶಿಯೆದುರು ಒಂದು ಗಳಿಗೆ ನಿಂತರೆ ಜೈನ ಗೃಹಸ್ಥನಿಗೆ ನಿರ್ಜರೆಯ ಪಾಠ ನೆನಪಾಗದೆ ಇರದು.

ಕರ್ಮವು ಆತ್ಮದಿಂದ ಕಳಚಿಬೀಳುವುದೇ ನಿರ್ಜರೆ. ಅದು ಎರಡು ಬಗೆ. ಕಾಲ ಬಂದಾಗ ಕರ್ಮ ಫಲಕೊಟ್ಟು ತಾನಾಗಿ ಉದುರುವುದು ಸವಿಪಾಕ ನಿರ್ಜರೆ. ಕಾಲ ಬರುವ ಮೊದಲೇ ತಪಸ್ಸು, ಸಂಯಮಗಳ ಬಲದಿಂದ ಅದನ್ನು ಪಕ್ವಗೊಳಿಸಿ ಕಳಚುವುದು ಅವಿಪಾಕ ನಿರ್ಜರೆ. ಕನ್ನಡನಾಡಿನ ಹೆಮ್ಮೆಯಾದ ಆಚಾರ್ಯ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಎರಡನೆಯದನ್ನು ತಿಳಿಸಲು ಮಾವು, ಹಲಸುಗಳ ದೃಷ್ಟಾಂತ ಕೊಟ್ಟಿದ್ದಾರೆ. ಮರದಲ್ಲೇ ಹಣ್ಣಾಗಿ ತೊಟ್ಟು ಕಳಚುವುದು ಒಂದು. ಬಲಿತ ಕಾಯನ್ನು ಕೊಯ್ದು ತಂದು, ಹುಲ್ಲಿನಲ್ಲಿ ಅಡೆ ಹಾಕಿ, ದಿನದಿನವೂ ಮುಟ್ಟಿ ನೋಡಿ ಹಣ್ಣು ಮಾಡುವುದು ಇನ್ನೊಂದು.

ವಯಸ್ಸಿನೊಡನೆ ಆಟದ ಹುಚ್ಚು ಇಳಿಯುವುದು ಮೊದಲನೆಯ ಬಗೆಯನ್ನು ಹೋಲುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ, ಹೆಗ್ಗಳಿಕೆಯೂ ಇಲ್ಲ. ಸವಿಪಾಕ ನಿರ್ಜರೆ ಎಲ್ಲ ಜೀವಿಗಳಿಗೂ ಎಲ್ಲ ಕ್ಷಣದಲ್ಲೂ ನಡೆಯುತ್ತಲೇ ಇದೆ. ಅದರಿಂದ ಯಾರೂ ಮುಕ್ತರಾಗಿಲ್ಲ. ಕಾರಣ ಸರಳವಾಗಿದೆ. ಹಳೆಯದು ಉದುರುವ ಹೊತ್ತಿನಲ್ಲೇ ರಾಗದ್ವೇಷಗಳಿಂದ ಹೊಸದು ಅಂಟಿಕೊಳ್ಳುತ್ತದೆ. ಉದುರಿದ ಹಣ್ಣಿನೊಳಗೆ ವಾಟೆ ಇರುತ್ತದೆ, ವಾಟೆಯೊಳಗೆ ಮರ ಇರುತ್ತದೆ.

ಹಣ್ಣು ಮಾಡಲು ಮೂರನೆಯ ದಾರಿಯೊಂದನ್ನು ಈ ಕಾಲದವರು ಕಂಡುಕೊಂಡಿದ್ದಾರೆ. ಅದು ಕ್ಯಾಲ್ಸಿಯಂ ಕಾರ್ಬೈಡಿನ ದಾರಿ. ಆಹಾರ ಸುರಕ್ಷತೆಯ ನಿಯಮಗಳು ಅದನ್ನು ನಿಷೇಧಿಸಿವೆ. ಅದರ ಕಾವಿಗೆ ಸಿಕ್ಕಿದ ಮಾವಿನ ಸಿಪ್ಪೆ ಒಂದೆರಡು ದಿನದಲ್ಲಿ ಹಳದಿಯಾಗುತ್ತದೆ, ತಿರುಳು ಹುಳಿಯಾಗಿಯೇ ಉಳಿಯುತ್ತದೆ. ಮಕ್ಕಳ ಕೈಯಿಂದ ಮೊಬೈಲನ್ನು ಕಿತ್ತೆಸೆದು ‘ಬಿಡಿಸಿಬಿಟ್ಟೆವು’ ಎಂದು ಹೇಳಿಕೊಳ್ಳುವ ಹಿರಿಯರು ಈ ದಾರಿಯವರು. 2020ರ ಸೆಪ್ಟೆಂಬರ್ 2ರಂದು ಸರ್ಕಾರವು ದೇಶದ ಭದ್ರತೆಯ ಕಾರಣಕ್ಕಾಗಿ ಪಬ್‌ಜಿ ಮೊಬೈಲ್ ಆಟವನ್ನು ಇತರ ಅನೇಕ ಆ್ಯಪ್‌ಗಳೊಂದಿಗೆ ನಿಷೇಧಿಸಿದಾಗ ಎಷ್ಟೋ ಮನೆಗಳಲ್ಲಿ ನೆಮ್ಮದಿಯ ಉಸಿರು ಬಿಟ್ಟರು. 2021ರ ಜುಲೈಯಲ್ಲಿ ಅದೇ ಆಟ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಹೆಸರಿನಲ್ಲಿ ಹಿಂತಿರುಗಿತು, ಆಡುವವರೂ ಹಿಂತಿರುಗಿದರು. ನಿಷೇಧಕ್ಕೆ ಅದರದೇ ಕಾರಣಗಳಿರಬಹುದು. ಆದರೆ ಹೊರಗಿನ ಬೀಗವು ಒಳಗಿನ ರತಿಯನ್ನು ಕರಗಿಸುವುದಿಲ್ಲ. ಅಡೆ ಹಾಕುವುದಕ್ಕೂ ಕಾರ್ಬೈಡ್ ಹಾಕುವುದಕ್ಕೂ ಹೊರನೋಟಕ್ಕೆ ವ್ಯತ್ಯಾಸ ಅಲ್ಪ. ಒಂದರಲ್ಲಿ ಕಾಯಿ ತನ್ನೊಳಗಿನ ಕಾವಿನಿಂದಲೇ ಹಣ್ಣಾಗುತ್ತದೆ, ಇನ್ನೊಂದರಲ್ಲಿ ಬಣ್ಣ ಮಾತ್ರ ಬರುತ್ತದೆ.

ನನ್ನಲ್ಲಿ ಓದಿದ ವಿದ್ಯಾರ್ಥಿಯೊಬ್ಬ ಈಗ ಪೂರ್ವ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಮೊದಲ ಸಂಬಳದಲ್ಲಿ ಕೊಂಡ ಗೇಮಿನ ಯಂತ್ರವನ್ನು ಈಗ ಬಟ್ಟೆ ಹೊದಿಸಿ ಇಟ್ಟಿದ್ದಾನೆ. ಕಳೆದ ದಸಲಕ್ಷಣ ಪರ್ವದಲ್ಲಿ ಬಸದಿಯ ಹೊರಗೆ ಸಿಕ್ಕಾಗ ಹೇಳಿದ: “ಸರ್, ಈಗ ಆಟ ಶುರು ಮಾಡಿದ್ರೂ ಏನೂ ಅನ್ನಿಸಲ್ಲ. ಆದ್ರೆ ರಿಯಾಯಿತಿ ಬಂದಾಗಲೆಲ್ಲ ಹೊಸ ಗೇಮ್ ತಗೊಂಡು ಇಟ್ಕೋತೀನಿ. ತೆರೆದೂ ನೋಡಿಲ್ಲ. ಹಳೇ ಕಾರ್ಟೂನ್ ಹಾಕ್ಕೊಂಡು ಕೂತ್ರೆ ಚಿಕ್ಕವನಾಗಿದ್ದಾಗಿನ ಖುಷಿ ಬರುತ್ತಾ ಅಂತ ಕಾಯ್ತೀನಿ. ಅದೂ ಬರಲ್ಲ. ಆಸಕ್ತಿ ಹೋಗಿದ್ದು ಒಳ್ಳೇದೇ ಅಲ್ವಾ ಸರ್? ಮತ್ಯಾಕೆ ಸಮಾಧಾನ ಇಲ್ಲ?”

ಅವನ ಮಾತಿನಲ್ಲೇ ಉತ್ತರವಿತ್ತು. ಆಡುವ ಆಸೆ ಹೋಗಿದೆ, ಕೊಳ್ಳುವ ಆಸೆ ಹೋಗಿಲ್ಲ. ವಸ್ತುವಿನ ರುಚಿ ಬತ್ತಿದ ಮೇಲೂ ‘ನನ್ನದು’ ಎಂಬ ಹಿಡಿತ ಉಳಿಯಬಲ್ಲುದು. ಅದಕ್ಕೆಂದೇ ನಮ್ಮ ಆಚಾರ್ಯರು ಪರಿಗ್ರಹವನ್ನು ವಸ್ತುವಿನಲ್ಲಿ ಹುಡುಕದೆ ಮೂರ್ಛೆಯಲ್ಲಿ, ಮಮಕಾರದಲ್ಲಿ ಗುರುತಿಸಿದರು. ತೆರೆದೂ ನೋಡದ ಆಟಗಳ ಆ ಸಾಲು, ಉಡದ ಸೀರೆಗಳ ಬೀರುವಿಗಿಂತ, ಓದದ ಗ್ರಂಥಗಳ ಕಪಾಟಿಗಿಂತ ಬೇರೆಯಲ್ಲ. ಇನ್ನು ಹಳೆಯ ಖುಷಿಗಾಗಿ ಕಾಯುವುದಕ್ಕೂ ಶಾಸ್ತ್ರದಲ್ಲಿ ಹೆಸರಿದೆ. ಪ್ರಿಯವಾದದ್ದು ಅಗಲಿದಾಗ ಅದನ್ನೇ ಮತ್ತೆ ಮತ್ತೆ ನೆನೆಯುವುದು ಇಷ್ಟವಿಯೋಗವೆಂಬ ಆರ್ತಧ್ಯಾನ. ಅಗಲಿದ್ದು ಮನುಷ್ಯನೇ ಆಗಬೇಕೆಂದಿಲ್ಲ. ಹನ್ನೆರಡು ವರ್ಷದ ಹುಡುಗನಾಗಿದ್ದಾಗಿನ ಒಂದು ಸಂಜೆಯೂ ಆಗಬಹುದು. ಅವನಿಗೆ ಸಮಾಧಾನವಿಲ್ಲದ್ದು ಆಟ ಬಿಟ್ಟದ್ದಕ್ಕಲ್ಲ. ಆಟ ಅವನನ್ನು ಬಿಟ್ಟಿದೆ, ಅವನು ಇನ್ನೂ ಬಿಟ್ಟಿಲ್ಲ.

ಹೀಗೆ ಬಿಡದೆ ಉಳಿದದ್ದು ಮತ್ತೆ ತಲೆಯೆತ್ತುತ್ತದೆ. ಕೊಳದ ನೀರಿಗೆ ಕತಕದ ಬೀಜ ತೇಯ್ದು ಹಾಕಿದರೆ ಕೆಸರು ತಳಕ್ಕಿಳಿದು ನೀರು ತಿಳಿಯಾಗಿ ಕಾಣುತ್ತದೆ. ಕಲಕಿದರೆ ಮತ್ತೆ ಬಗ್ಗಡವಾಗುತ್ತದೆ. ಕರ್ಮ ಅಡಗಿ ಕುಳಿತಿರುವ ಉಪಶಮಕ್ಕೆ ಶಾಸ್ತ್ರವು ಕೊಡುವ ಉಪಮೆ ಇದು. ನೀರನ್ನು ಬೇರೆ ಪಾತ್ರೆಗೆ ಬಸಿದುಕೊಂಡು ಕೆಸರನ್ನು ಚೆಲ್ಲುವುದೇ ಕ್ಷಯ. 2020ರ ಲಾಕ್‌ಡೌನ್ ದಿನಗಳಲ್ಲಿ, ವರ್ಷಗಳ ಹಿಂದೆ ಆಟ ಬಿಟ್ಟಿದ್ದೇವೆಂದವರು ಮತ್ತೆ ರಾತ್ರಿ ಹಗಲಾಗಿಸಿ ಆಡಿದ್ದನ್ನು ಅನೇಕ ಮನೆಗಳು ಕಂಡಿವೆ. ಕೊಳ ಕಲಕಿತ್ತು, ಅಷ್ಟೆ.

ಹಾಗಾದರೆ ನಿಜವಾದ ವೈರಾಗ್ಯ ಹೇಗಿರುತ್ತದೆ? ಕನ್ನಡಿಗರಿಗೆ ಇದಕ್ಕೆ ಉತ್ತರ ಕೊಟ್ಟವನು ಆದಿಕವಿ ಪಂಪ. 941ರಲ್ಲಿ ರಚಿತವಾದ ಆದಿಪುರಾಣದ ನೀಲಾಂಜನೆಯ ಪ್ರಸಂಗವನ್ನು ಕೇಳದ ಜೈನ ಮನೆ ಈ ನಾಡಿನಲ್ಲಿ ಇರಲಾರದು. ಆಯುಷ್ಯ ಮುಗಿಯುತ್ತ ಬಂದ ದೇವನರ್ತಕಿಯನ್ನು ಇಂದ್ರನು ವೃಷಭನಾಥರ ಆಸ್ಥಾನಕ್ಕೆ ಕರೆತರುತ್ತಾನೆ. ನೃತ್ಯದ ನಡುವೆಯೇ ಅವಳ ಆಯುಷ್ಯ ತೀರಿ ದೇಹ ಮಿಂಚಿನಂತೆ ಮಾಯವಾಗುತ್ತದೆ. ರಸಭಂಗವಾಗದಿರಲೆಂದು ಇಂದ್ರನು ಆ ಕ್ಷಣವೇ ಅವಳಂಥದೇ ಇನ್ನೊಂದು ರೂಪವನ್ನು ಅದೇ ಭಂಗಿಯಲ್ಲಿ ನಿಲ್ಲಿಸುತ್ತಾನೆ. ಸಭೆಗೆ ಏನೂ ತಿಳಿಯುವುದಿಲ್ಲ, ನೃತ್ಯ ಸಾಗುತ್ತದೆ. ವೃಷಭನಾಥರೊಬ್ಬರು ಆ ನಡುವಿನ ತೆರಪನ್ನು ಕಂಡರು.

ಇದನ್ನು ಅನಿಮೆಯ ಪ್ರೇಮಿಗಳಿಗಿಂತ ಚೆನ್ನಾಗಿ ಯಾರು ಅರಿತಾರು? ತೆರೆಯ ಮೇಲೆ ಓಡುವ ಹುಡುಗ ನಿಜವಾಗಿ ಓಡುವುದಿಲ್ಲ. ಸೆಕೆಂಡಿಗೆ 24 ಚೌಕಟ್ಟುಗಳು ಸರಿಯುತ್ತವೆ. ಅನಿಮೆಯಲ್ಲಿ ಅನೇಕ ವೇಳೆ ಒಂದೇ ಚಿತ್ರವನ್ನು ಎರಡು ಮೂರು ಚೌಕಟ್ಟುಗಳವರೆಗೆ ನಿಲ್ಲಿಸಿ ಮುಂದಿನದನ್ನು ತರುತ್ತಾರೆ. ಒಂದು ಚಿತ್ರ ಅಳಿಯುತ್ತದೆ, ಅದರ ಜಾಗಕ್ಕೆ ಅದರಂಥದೇ ಇನ್ನೊಂದು ಬರುತ್ತದೆ. ನಡುವಿನ ತೆರಪನ್ನು ಕಣ್ಣು ಮರೆಯುವುದರಿಂದ ಚಲನೆ ಹುಟ್ಟುತ್ತದೆ. ಇಂದ್ರನು ಅಂದು ಸಭೆಯಲ್ಲಿ ಮಾಡಿದ್ದೂ ಇದನ್ನೇ. ನಮ್ಮ ಪರ್ಯಾಯಗಳೂ ಹೀಗೆಯೇ ಒಂದರ ಬೆನ್ನಿಗೊಂದು ಅಳಿದು ಹುಟ್ಟುತ್ತ, ಸ್ಥಿರವಾದ ‘ನಾನು ಆಡುತ್ತಿದ್ದೇನೆ’ ಎಂಬ ಭ್ರಮೆಯನ್ನು ಕಟ್ಟುತ್ತವೆ.

ಆದರೆ ಈ ಕಥೆಯಲ್ಲಿ ಇನ್ನೂ ಮುಖ್ಯವಾದ ಒಂದು ಅಂಶವಿದೆ. ವೃಷಭನಾಥರಿಗೆ ನೃತ್ಯ ಬೇಸರವಾಗಿರಲಿಲ್ಲ. ನರ್ತಕಿ ದಣಿದಿರಲಿಲ್ಲ, ಸಂಗೀತ ಸಪ್ಪೆಯಾಗಿರಲಿಲ್ಲ, ರಸವು ತುಂಬಿ ಹರಿಯುತ್ತಿದ್ದ ಹೊತ್ತಿನಲ್ಲೇ ಅವರ ಕಣ್ಣು ತೆರೆಯಿತು. ಬೇಸರಕ್ಕೂ ವೈರಾಗ್ಯಕ್ಕೂ ಇರುವ ಗೆರೆ ಇದೇ. ರುಚಿ ಹೋದ ಮೇಲೆ ಬರುವುದು ಬೇಸರ. ರುಚಿ ಇರುವಾಗಲೇ ಅದರ ನೆಲೆಯನ್ನು ಕಾಣುವುದು ವೈರಾಗ್ಯ. ಬೇಸರವಾದವನು ಹೇಳುತ್ತಾನೆ: ‘ಇದರಲ್ಲಿ ಈಗ ಏನೂ ಇಲ್ಲ, ಬೇರೆ ಯಾವುದರಲ್ಲಾದರೂ ಇದ್ದೀತು.’ ವಿರಕ್ತನು ತಿಳಿಯುತ್ತಾನೆ: ‘ಆನಂದ ಅದರಲ್ಲಿ ಎಂದೂ ಇರಲಿಲ್ಲ, ಅನುಭವಿಸುವ ಶಕ್ತಿ ನನ್ನದಾಗಿತ್ತು.’ ಮೊದಲನೆಯವನ ಹುಡುಕಾಟ ಹೊರಗೆ ಮುಂದುವರಿಯುತ್ತದೆ, ಎರಡನೆಯವನದು ಒಳಗೆ ತಿರುಗುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ಆಟವನ್ನೂ ಚಿತ್ರಕಥೆಗಳನ್ನೂ ಸಾರಾಸಗಟಾಗಿ ಹಳಿಯುವುದು ಅನೇಕಾಂತದ ದೃಷ್ಟಿಗೆ ಒಪ್ಪುವಂಥದಲ್ಲ. ಗೆಳೆತನ, ತ್ಯಾಗ, ಸೋತವನ ಮೇಲಿನ ಕರುಣೆ ಇವುಗಳನ್ನು ಹೃದಯಕ್ಕೆ ತಟ್ಟುವಂತೆ ಹೇಳುವ ಅನಿಮೆಗಳೂ ಇವೆ. ನಮ್ಮ ಪೂರ್ವಜರು ಆಟವನ್ನೇ ಧರ್ಮದ ಪಾಠವಾಗಿಸಿದವರು. ಇಂದು ಮಕ್ಕಳು ಹಾವು ಏಣಿ ಎಂದು ಆಡುವ ಆಟದ ಮೂಲ ನಮ್ಮ ದೇಶದ ಜ್ಞಾನಚೌಪಡ. ಅದರ ಜೈನ ಪಟಗಳಲ್ಲಿ ಸಾಮಾನ್ಯವಾಗಿ 84 ಮನೆಗಳು. ಸದ್ಗುಣಗಳಿಂದ ಏರು, ದುರ್ಗುಣಗಳಿಂದ ಇಳಿತ. ಎಲ್ಲಕ್ಕೂ ಮೇಲೆ ಸಿದ್ಧಶಿಲೆ. ಪರ್ಯುಷಣದ ದಿನಗಳಲ್ಲಿ ಅದನ್ನು ಆಡುತ್ತಿದ್ದರು. ಆ ಆಟಕ್ಕೆ ಒಂದು ಮುಗಿತಾಯವಿತ್ತು. ಮುಟ್ಟಬೇಕಾದ ಮನೆ ಮುಟ್ಟಿದ ಮೇಲೆ ಪಟ ಸುತ್ತಿಡುತ್ತಿದ್ದರು. ಇಂದಿನ ಅನೇಕ ಆಟಗಳಿಗೆ ಕೊನೆಯ ಮನೆಯೇ ಇಲ್ಲ. ಗೆದ್ದರೆ ಇನ್ನೊಂದು ಹಂತ, ಸೋತರೆ ಇನ್ನೊಂದು ಅವಕಾಶ, ಸುಮ್ಮನಿದ್ದರೆ ‘ಬಾ’ ಎಂದು ಕರೆಯುವ ಗಂಟೆ. ವಿಡಿಯೊ ಗೇಮಿನ ಲೋಕದಲ್ಲಿ ದೊಡ್ಡ ಹೆಸರಾದ ನಿಂಟೆಂಡೊ ಸಂಸ್ಥೆ 1889ರಲ್ಲಿ ಜಪಾನಿನ ಕ್ಯೋಟೊ ನಗರದಲ್ಲಿ ಆರಂಭವಾದದ್ದು ಆಟದ ಎಲೆಗಳನ್ನು ತಯಾರಿಸುವುದಕ್ಕಾಗಿ. ಸಪ್ತವ್ಯಸನಗಳನ್ನು ಎಣಿಸುವಾಗ ನಮ್ಮವರು ಜೂಜನ್ನು ಮೊದಲಿಗಿಟ್ಟದ್ದು ಎಲೆಯ ಮೇಲಿನ ಸಿಟ್ಟಿನಿಂದಲ್ಲ. ‘ಇನ್ನೊಂದೇ ಸಲ’ ಎಂಬ ಮಾತಿಗೆ ಕೊನೆಯಿಲ್ಲವೆಂಬುದನ್ನು ಕಂಡು.

ಕೊಲ್ಲುವ ಆಟಗಳ ವಿಚಾರದಲ್ಲಂತೂ ಜನ್ನನ ಯಶೋಧರ ಚರಿತೆಯನ್ನು ನೆನೆಯದೆ ಮುಂದೆ ಹೋಗಲಾಗದು. ಯಶೋಧರನು ಬಲಿಕೊಟ್ಟದ್ದು ಜೀವವಿರುವ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಆದರೂ ಅವನೂ ಅವನ ತಾಯಿಯೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಅಲೆದು ನೊಂದರು. ಪ್ರಾಣ ಹೋಯಿತೋ ಇಲ್ಲವೋ ಎಂಬುದಕ್ಕಿಂತ ಸಂಕಲ್ಪವೇನಿತ್ತು ಎಂಬುದು ಅಲ್ಲಿನ ಪ್ರಶ್ನೆ. ತೆರೆಯ ಮೇಲೆ ಬೀಳುವವನಿಗೆ ಜೀವವಿಲ್ಲ, ನಿಜ. ಆದರೆ ಅವನು ಬಿದ್ದಾಗ ಹಿಗ್ಗುವ ಮನಸ್ಸು ಜೀವವುಳ್ಳದ್ದು. ಹಿಂಸೆಯಲ್ಲಿ ಆನಂದಪಡುವುದನ್ನು ರೌದ್ರಧ್ಯಾನದ ಮೊದಲ ಬಗೆಯೆಂದು ಆಚಾರ್ಯರು ಹೇಳಿದ್ದು ಇದಕ್ಕೇ. ಆಡುವ ಪ್ರತಿಯೊಬ್ಬ ಬಾಲಕನೂ ಯಶೋಧರನೆಂದು ಇದರ ಅರ್ಥವಲ್ಲ. ಆಟ ಬಿಟ್ಟ ಮೇಲೆ ನೋಡಿಕೊಳ್ಳಬೇಕಾದದ್ದು ಇದು: ಸೋತಾಗ ಉಕ್ಕುತ್ತಿದ್ದ ಸಿಟ್ಟು ಈಗ ರಸ್ತೆಯ ಮೇಲೆ ವಾಹನ ಓಡಿಸುವಾಗ ಉಕ್ಕುತ್ತಿದೆಯೇ? ಎದುರಾಳಿಯನ್ನು ಕೆಡವುವ ಹಿಗ್ಗು ಈಗ ಕಚೇರಿಯಲ್ಲಿ ಸಹೋದ್ಯೋಗಿಯ ಮೇಲೆ ತಿರುಗಿದೆಯೇ? ಆಟ ಹೋಗಿ ಕಷಾಯ ಉಳಿದರೆ ಹೋದದ್ದು ಬಹಳ ಕಡಿಮೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಆಟದಲ್ಲಿ ಮಾತ್ರವಲ್ಲದೆ ಊಟದಲ್ಲಿ, ನಿದ್ರೆಯಲ್ಲಿ, ಗೆಳೆಯರಲ್ಲಿ, ಕೆಲಸದಲ್ಲಿ, ಎಲ್ಲದರಲ್ಲೂ ಒಟ್ಟಿಗೆ ಆಸಕ್ತಿ ಕುಸಿದು, ಅದು ಎರಡು ವಾರ ಮೀರಿ ಮುಂದುವರಿದರೆ, ಮನೆಯವರು ಅದನ್ನು ವೈರಾಗ್ಯವೆಂದು ಸಂಭ್ರಮಿಸಬಾರದು, ಸೋಮಾರಿತನವೆಂದು ಬೈಯಲೂಬಾರದು. ಅದು ಖಿನ್ನತೆಯ ಲಕ್ಷಣವಾಗಿರಬಹುದು, ವೈದ್ಯರನ್ನು ಕಾಣಬೇಕು. ವಿರಕ್ತನ ಮುಖದಲ್ಲಿ ಪ್ರಸನ್ನತೆ ಇರುತ್ತದೆ, ಜೀವಿಗಳ ಮೇಲೆ ಮೈತ್ರಿ ಇರುತ್ತದೆ. ಖಿನ್ನತೆಯಲ್ಲಿ ಎರಡೂ ಬಾಡುತ್ತವೆ. ಇದಕ್ಕೆ ವಿರುದ್ಧವಾಗಿ, ಆಟದ ಮೇಲೆ ಹತೋಟಿಯೇ ತಪ್ಪಿ, ಹಾನಿಯಾಗುತ್ತಿದ್ದರೂ ಬಿಡಲಾಗದ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2022ರ ಜನವರಿಯಿಂದ ಜಾರಿಗೆ ಬಂದ ತನ್ನ ರೋಗವರ್ಗೀಕರಣದಲ್ಲಿ ಕಾಯಿಲೆಯೆಂದೇ ಗುರುತಿಸಿದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲೇ ತಂತ್ರಜ್ಞಾನದ ವ್ಯಸನಕ್ಕೆಂದು ‘ಶಟ್’ ಎಂಬ ಚಿಕಿತ್ಸಾಲಯವನ್ನು ತೆರೆಯಿತು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಮಾತನಾಡಲೂಬಹುದು. ಔಷಧ ಪಡೆಯುವುದು ಧರ್ಮಕ್ಕೆ ವಿರೋಧವಲ್ಲ. ನಾಲ್ಕು ದಾನಗಳಲ್ಲಿ ಔಷಧದಾನವನ್ನೂ ಎಣಿಸಿದ ಪರಂಪರೆ ನಮ್ಮದು.

ಆರೋಗ್ಯವಾಗಿದ್ದು, ಆಸಕ್ತಿ ಮಾತ್ರ ಇಳಿದಿರುವ ತರುಣರಿಗೆ ಇದೊಂದು ಸುಸಂಧಿ. ಅರತಿಯು ವಿರತಿಯಲ್ಲ, ಆದರೆ ವಿರತಿಗೆ ಒಳ್ಳೆಯ ನೆಲವಾಗಬಲ್ಲದು. ರತಿ ಉಕ್ಕುತ್ತಿರುವಾಗ ವ್ರತ ಹಿಡಿಯುವುದು ತುಂಬಿದ ಹೊಳೆಗೆ ಒಡ್ಡು ಕಟ್ಟಿದಂತೆ, ಬಲು ಕಷ್ಟ. ಬೇಸಿಗೆಯಲ್ಲಿ ನೀರು ತಗ್ಗಿದಾಗ ಕಟ್ಟುವುದು ಸುಲಭ. ಮುಂದಿನ ಮಳೆಗೆ ಅದೇ ಒಡ್ಡು ಊರನ್ನು ಕಾಯುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥರಿಗಾಗಿ ಭೋಗೋಪಭೋಗ ಪರಿಮಾಣವೆಂಬ ಗುಣವ್ರತವನ್ನು ವಿವರಿಸಿದ್ದಾರೆ. ಅನುಭವಿಸುವ ವಸ್ತುಗಳಿಗೆ ತಾನೇ ಅಳತೆ ಹಾಕಿಕೊಳ್ಳುವುದು ಅದರ ತಿರುಳು. ಅದರಲ್ಲಿ ಯಮ, ನಿಯಮಗಳೆಂದು ಎರಡು: ಬದುಕಿರುವವರೆಗಿನ ತ್ಯಾಗ ಯಮ, ಇಷ್ಟು ದಿನ, ಇಷ್ಟು ತಿಂಗಳು ಎಂದು ಕಾಲದ ಮಿತಿಯಿಟ್ಟು ಮಾಡುವ ತ್ಯಾಗ ನಿಯಮ. ಗೃಹಸ್ಥನ ಶಕ್ತಿಯನ್ನು ಅರಿತು ಮಾಡಿದ ಈ ವಿಭಾಗ ಎಷ್ಟು ದಯಾಪರವಾದದ್ದು!

ಆದಕಾರಣ ಜೀವಮಾನದ ಪ್ರತಿಜ್ಞೆಗೆ ಹೊರಡಬೇಕಾಗಿಲ್ಲ. ಚಾತುರ್ಮಾಸ್ಯದ ನಾಲ್ಕು ತಿಂಗಳು ಹೊಸ ಆಟವೊಂದನ್ನೂ ಕೊಳ್ಳುವುದಿಲ್ಲವೆಂಬ ನಿಯಮ ಸಾಲದೆ? ಮನೆಯಲ್ಲಿ ಧೂಳು ಹಿಡಿದಿರುವ ಯಂತ್ರವನ್ನು ಮಾರಿ, ಬಂದ ಹಣವನ್ನು ಒಬ್ಬ ಬಡ ವಿದ್ಯಾರ್ಥಿಯ ಪುಸ್ತಕಕ್ಕೆ ಕೊಟ್ಟರೆ ಅಪರಿಗ್ರಹವೂ ದಾನವೂ ಒಟ್ಟಿಗೆ ನಡೆದವು. ಕಾಲದ ಲೆಕ್ಕವೂ ನಮಗೆ ಅನುಕೂಲವಾಗಿದೆ. ಅನಿಮೆಯ ಒಂದು ಕಂತು ಸುಮಾರು 24 ನಿಮಿಷ. ನಮ್ಮ ಹಿರಿಯರ ಒಂದು ಗಳಿಗೆಯೂ 24 ನಿಮಿಷವೇ. ಎರಡು ಗಳಿಗೆ ಕೂಡಿದರೆ 48 ನಿಮಿಷದ ಒಂದು ಮುಹೂರ್ತ. ಸಾಮಾಯಿಕಕ್ಕೆ ಹೇಳಿದ ಕಾಲ ಅದು. ಎರಡು ಕಂತುಗಳನ್ನು ಅಲುಗಾಡದೆ ಕುಳಿತು ನೋಡಬಲ್ಲ ದೇಹಕ್ಕೆ ಒಂದು ಸಾಮಾಯಿಕ ಕುಳಿತುಕೊಳ್ಳುವುದು ಅಸಾಧ್ಯವೆಂದು ಯಾರೂ ಹೇಳಲಾರರು. ಆಸನ ಸಿದ್ಧವಾಗಿದೆ, ಏಕಾಗ್ರತೆಯ ಅಭ್ಯಾಸವೂ ಇದೆ. ತಿರುಗಿಸಬೇಕಾದದ್ದು ಮುಖವನ್ನಷ್ಟೆ.

ಕಳೆದ ವರ್ಷಗಳಿಗಾಗಿ ಕೊರಗುವವರಿಗೂ ದಾರಿಯಿದೆ. ಹಿಂದೆ ಆದದ್ದನ್ನು ಒಮ್ಮೆ ನೆನೆದು ‘ಅದು ಮಿಥ್ಯೆಯಾಗಲಿ’ ಎಂದು ಕೈಬಿಡುವುದು ಪ್ರತಿಕ್ರಮಣ. ಮುಂದಿನದಕ್ಕೆ ಎಲ್ಲೆ ಹಾಕಿಕೊಳ್ಳುವುದು ಪ್ರತ್ಯಾಖ್ಯಾನ. ಪ್ರತಿಕ್ರಮಣಕ್ಕೆ ಒಂದು ಮುಗಿತಾಯವುಂಟು, ಕೊರಗಿಗೆ ಇಲ್ಲ. ಅಂದು ಆಡಿದ ಮಗುವನ್ನು ದ್ವೇಷಿಸುವುದೂ ಬೇಕಾಗಿಲ್ಲ. ಆ ಮಗುವಿಗೆ ಆ ಸಂಜೆಗಳು ಸಿಹಿಯಾಗಿದ್ದವು; ಇರಲಿ.

ಹಿರಿಯರಾದ ನಮಗೂ ಒಂದು ಮಾತು. ಮಗ ಆಟ ಬಿಟ್ಟನೆಂದು ಹಿಗ್ಗುವ ಮುನ್ನ ನಮ್ಮ ಕೈಯಲ್ಲಿರುವುದನ್ನು ನೋಡಿಕೊಳ್ಳೋಣ. ಮೊಮ್ಮಗನ ಮೊಬೈಲಿಗೆ ಬೈಯುತ್ತ ಧಾರಾವಾಹಿಯ ಮುಂದೆ ರಾತ್ರಿ ಹತ್ತರವರೆಗೆ ಕುಳಿತಿರುವ ಅಜ್ಜಿ, ವಾಟ್ಸ್ಆ್ಯಪ್ಪಿನ ಜಗಳಗಳಲ್ಲಿ ಮುಳುಗಿರುವ ತಾತ, ಚಿನ್ನದ ದರವನ್ನು ದಿನಕ್ಕೆ ನಾಲ್ಕು ಸಲ ವಿಚಾರಿಸುವ ತಂದೆ, ಇವರೆಲ್ಲರಿಗೂ ರತಿಯ ಪಟ ಬೇರೆ, ಪಗಡೆ ಒಂದೇ. ಮಗನಿಗೆ ಒಂದು ನಿಯಮ ಹೇಳುವ ದಿನ ನಾವೂ ಒಂದು ನಿಯಮ ಹಿಡಿದರೆ ಅದು ಅಡೆಯ ಕಾವಾಗುತ್ತದೆ. ನಾವು ಹಿಡಿಯದೆ ಅವನಿಗಷ್ಟೇ ಹೇಳಿದರೆ ಅದು ಕಾರ್ಬೈಡ್.

ಆಸಕ್ತಿ ಇಳಿದಾಗ ಮನಸ್ಸಿನಲ್ಲಿ ಒಂದು ತೆರಪು ಉಂಟಾಗುತ್ತದೆ. ಜಗತ್ತು ಆ ತೆರಪಿನಲ್ಲಿ ಕೂಡಲೇ ಇನ್ನೊಂದು ನೀಲಾಂಜನೆಯನ್ನು ತಂದು ನಿಲ್ಲಿಸಲು ಸಿದ್ಧವಾಗಿರುತ್ತದೆ. ಅವಳು ಬರುವ ಮೊದಲು ಸಿಗುವ ಆ ಒಂದು ಕ್ಷಣ ನಮ್ಮದು. ಅದರಲ್ಲಿ ಒಂದು ಸಣ್ಣ ನಿಯಮವನ್ನಾದರೂ ಕೈಕೊಂಡರೆ, ಬೇಸರವಾಗಿ ಬಂದದ್ದು ವಿರತಿಯಾಗಿ ಉಳಿಯುತ್ತದೆ.